ಹೆಸರು ನಿಮ್ಮದು, ಆಸ್ತಿ ಅವರದು: ಖಾಸಗಿ ಟ್ರಸ್ಟಿನ ಟ್ರಸ್ಟಿ ಹೊರುವ ಹೊಣೆ

ವಿಶೇಷಚೇತನ ಮಗ, ಇನ್ನೂ ಶಾಲೆಗೆ ಹೋಗುವ ಮಗಳು, ಬಾಡಿಗೆಗೆ ಕೊಟ್ಟ ಒಂದು ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ತಾವಿಲ್ಲದ ಮೇಲೆ ಇದನ್ನೆಲ್ಲ ನೋಡಿಕೊಳ್ಳಲೆಂದು ತಂದೆ ಒಂದು ಟ್ರಸ್ಟ್ ಮಾಡಿ, ತಮ್ಮನನ್ನೋ ಭಾವಮೈದುನನನ್ನೋ ಟ್ರಸ್ಟಿ ಎಂದು ಹೆಸರಿಸುತ್ತಾರೆ. ಹೆಸರಿಸಿಕೊಂಡವರು ಪ್ರೀತಿಗೋ ದಾಕ್ಷಿಣ್ಯಕ್ಕೋ ಹೂಂ ಅನ್ನುತ್ತಾರೆ. ಆ ಹೂಂ ಎಷ್ಟು ಭಾರದ್ದು ಎಂದು ಗೊತ್ತಾಗುವುದು ಸಾಮಾನ್ಯವಾಗಿ ಏಳೆಂಟು ವರ್ಷ ಕಳೆದ ಮೇಲೆ, ದೊಡ್ಡವಳಾದ ಮಗಳು ಬಂದು ‘ಲೆಕ್ಕ ಕೊಡಿ’ ಎಂದು ಕೇಳಿದಾಗ.

ನಮ್ಮ ದೇಶದಲ್ಲಿ ಇಂಥ ಖಾಸಗಿ ಟ್ರಸ್ಟುಗಳನ್ನು ಆಳುವುದು 1882ರ ಭಾರತೀಯ ಟ್ರಸ್ಟ್ ಕಾಯ್ದೆ. ಆ ವರ್ಷದ ಮಾರ್ಚ್ 1ರಿಂದ ಜಾರಿಯಲ್ಲಿದೆ. ದೇವಸ್ಥಾನ, ವಕ್ಫ್, ಸಾರ್ವಜನಿಕ ಧರ್ಮಾರ್ಥ ಸಂಸ್ಥೆಗಳಿಗೆ ಇದು ಅನ್ವಯಿಸದು. ಅವುಗಳ ಕಾನೂನೇ ಬೇರೆ. ಇಲ್ಲಿ ಹೇಳುವುದೆಲ್ಲ ಗೊತ್ತಿರುವ ಕೆಲವು ವ್ಯಕ್ತಿಗಳ ಹಿತಕ್ಕಾಗಿ ಮಾಡಿದ ಟ್ರಸ್ಟಿಗೆ ಮಾತ್ರ. ಹಾಗೆ ಹಿತ ಪಡೆಯುವವರನ್ನು ಫಲಾನುಭವಿಗಳು ಎನ್ನುತ್ತೇವೆ. ಆಸ್ತಿ ದಾಖಲೆಯಲ್ಲಿ ಟ್ರಸ್ಟಿಯ ಹೆಸರು ಇರುತ್ತದೆ, ಅನುಭೋಗ ಫಲಾನುಭವಿಯದು. ಟ್ರಸ್ಟಿಯ ಕರ್ತವ್ಯಗಳೆಲ್ಲ ಹುಟ್ಟುವುದು ಈ ಒಡಕಿನಿಂದಲೇ.

ಒಪ್ಪುವ ಮೊದಲು ಡೀಡ್ ಓದಿ

ಟ್ರಸ್ಟಿಯಾಗಲೇಬೇಕು ಎಂದು ಕಾನೂನು ಯಾರನ್ನೂ ಬಲವಂತ ಮಾಡುವುದಿಲ್ಲ. ಬೇಡವಾದರೆ ತಕ್ಕ ಸಮಯದೊಳಗೆ ಬೇಡ ಅನ್ನಬೇಕು. ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಒಪ್ಪಿಗೆಗೆ ಸಹಿಯೇ ಆಗಬೇಕೆಂದಿಲ್ಲ. ಟ್ರಸ್ಟಿ ಎಂಬ ನೆಲೆಯಲ್ಲಿ ಬಾಡಿಗೆ ವಸೂಲಿ ಮಾಡಿದರೆ, ಆಸ್ತಿಯ ವ್ಯವಹಾರಕ್ಕೆ ಕೈ ಹಾಕಿದರೆ, ಆ ನಡೆಯೇ ಒಪ್ಪಿಗೆ ಎನಿಸಿಕೊಳ್ಳುತ್ತದೆ. ಒಮ್ಮೆ ಒಪ್ಪಿದ ಮೇಲೆ ಮನಸ್ಸು ಬದಲಾಯಿತೆಂದು ಕೈ ತೊಳೆದುಕೊಳ್ಳುವಂತಿಲ್ಲ. 46ನೇ ಕಲಮು ಮೂರೇ ದಾರಿ ಬಿಟ್ಟಿದೆ: ನ್ಯಾಯಾಲಯದ ಅನುಮತಿ, ಒಪ್ಪಂದ ಮಾಡಿಕೊಳ್ಳಲು ಅರ್ಹರಾದ ಫಲಾನುಭವಿಗಳ ಸಮ್ಮತಿ, ಇಲ್ಲವೇ ಡೀಡ್‌ನಲ್ಲೇ, ಅಂದರೆ ಟ್ರಸ್ಟ್ ಮಾಡಿದ ಪತ್ರದಲ್ಲೇ, ಕೊಟ್ಟಿರುವ ವಿಶೇಷ ಅಧಿಕಾರ. ಫಲಾನುಭವಿ ಅಪ್ರಾಪ್ತನಾಗಿದ್ದರೆ ಅವನ ಸಮ್ಮತಿಗೆ ಬೆಲೆಯಿಲ್ಲ, ಆಗ ಎರಡನೇ ದಾರಿ ಮುಚ್ಚಿದಂತೆಯೇ.

ಆದ್ದರಿಂದ ಹೂಂ ಅನ್ನುವ ಮೊದಲೇ ಡೀಡ್ ಕೈಗೆ ತೆಗೆದುಕೊಂಡು ಕುಳಿತುಕೊಳ್ಳಿ. ಯಾರಿಗೆ ಆದಾಯ, ಯಾರಿಗೆ ಅಸಲು, ಯಾವ ವಯಸ್ಸಿಗೆ? ಪಾಲು ನಿಗದಿಯಾಗಿದೆಯೇ, ಅಥವಾ ಎಷ್ಟು ಕೊಡಬೇಕೆಂಬುದು ಟ್ರಸ್ಟಿಯ ವಿವೇಚನೆಗೆ ಬಿಟ್ಟಿದೆಯೇ? ಆಸ್ತಿ ಮಾರುವ ಅಧಿಕಾರ ಇದೆಯೇ? ಹಣ ಎಲ್ಲೆಲ್ಲಿ ಹೂಡಬಹುದು? ಟ್ರಸ್ಟಿಗಳು ಮೂವರಿದ್ದರೆ ಇಬ್ಬರ ಬಹುಮತ ಸಾಕೇ? ಟ್ರಸ್ಟಿಗೆ ಸಂಭಾವನೆ ಉಂಟೇ? ಈ ಪ್ರಶ್ನೆಗಳಲ್ಲಿ ಯಾವುದಕ್ಕೆ ಡೀಡ್‌ನಲ್ಲಿ ಉತ್ತರವಿಲ್ಲವೋ ಅಲ್ಲಿ ಕಾಯ್ದೆಯ ನಿಯಮ ಬಂದು ಕೂರುತ್ತದೆ, ಅದು ಸಾಮಾನ್ಯವಾಗಿ ಬಿಗಿಯಾದ ನಿಯಮವೇ. ಇನ್ನೊಂದನ್ನು ತಪ್ಪದೆ ನೋಡಿ: ಸ್ಥಿರಾಸ್ತಿಯ ಟ್ರಸ್ಟ್ ಉಯಿಲಿನಿಂದ ಆಗಿರಬೇಕು, ಇಲ್ಲವೇ ಸಹಿಯಾಗಿ ನೋಂದಣಿಯಾದ ಪತ್ರದಿಂದ ಆಗಿರಬೇಕು. ನೋಂದಣಿಯಾಗದ ಛಾಪಾ ಕಾಗದದ ಮೇಲೆ ಮನೆಯ ಟ್ರಸ್ಟ್ ನಿಲ್ಲುವುದಿಲ್ಲ.

ಟ್ರಸ್ಟ್ ಮಾಡಿದವರು ಇನ್ನೂ ಬದುಕಿರುವಾಗ ಬೇರೊಂದು ಬಗೆಯ ತೊಡಕು ಬರುತ್ತದೆ. ಆಸ್ತಿ ಬರೆದುಕೊಟ್ಟ ಮೇಲೂ ಅವರು ಫೋನ್ ಮಾಡಿ, ‘ಈ ತಿಂಗಳ ಬಾಡಿಗೆ ನನ್ನ ಖಾತೆಗೆ ಹಾಕು’, ‘ಆ ಸೈಟು ಮಾರಿಬಿಡು’ ಎಂದು ಹೇಳುತ್ತಿರುತ್ತಾರೆ. ಹಿರಿಯರ ಮಾತು ಮೀರುವುದು ಹೇಗೆ ಎಂದು ಟ್ರಸ್ಟಿ ಹಾಗೆಯೇ ಮಾಡುತ್ತಾನೆ. 11ನೇ ಕಲಮು ಟ್ರಸ್ಟಿಯನ್ನು ಕಟ್ಟಿಹಾಕಿರುವುದು ಟ್ರಸ್ಟ್ ಮಾಡುವಾಗ ಕೊಟ್ಟ ನಿರ್ದೇಶನಗಳಿಗೆ. ಡೀಡ್‌ನಲ್ಲಿ ಅಧಿಕಾರ ಉಳಿಸಿಕೊಂಡಿರದಿದ್ದರೆ ಆಮೇಲಿನ ಮಾತಿಗೆ ಕಾನೂನಿನ ಬಲವಿಲ್ಲ, ಅದನ್ನು ಪಾಲಿಸಿದ ಟ್ರಸ್ಟಿಗೆ ರಕ್ಷಣೆಯೂ ಇಲ್ಲ. ಮೂಲ ನಿರ್ದೇಶನವನ್ನೇ ಬದಲಿಸಬೇಕಾದರೆ ಅರ್ಹರಾದ ಎಲ್ಲ ಫಲಾನುಭವಿಗಳು ಒಪ್ಪಬೇಕು. ಅಪ್ರಾಪ್ತರ ಪರವಾಗಿ ಒಪ್ಪಿಗೆ ಕೊಡಬಲ್ಲದ್ದು ಪ್ರಧಾನ ಸಿವಿಲ್ ನ್ಯಾಯಾಲಯ, ಅಂದರೆ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯ. ನಿರ್ದೇಶನ ಕಾನೂನುಬಾಹಿರವಾಗಿದ್ದರೆ, ನಡೆಸಲು ಸಾಧ್ಯವೇ ಇಲ್ಲದಿದ್ದರೆ, ಅಥವಾ ಫಲಾನುಭವಿಗಳಿಗೆ ಕಣ್ಣಿಗೆ ಕಾಣುವಂತೆ ಹಾನಿ ತರುವಂತಿದ್ದರೆ ಮಾತ್ರ ಟ್ರಸ್ಟಿ ಅದನ್ನು ಪಾಲಿಸಬೇಕಿಲ್ಲ.

ಮೊದಲ ಮೂರು ತಿಂಗಳು

ಆಸ್ತಿಯ ಸ್ಥಿತಿಗತಿ ತಿಳಿದುಕೊಳ್ಳುವುದು, ಅದು ಟ್ರಸ್ಟಿನ ಕೈಗೆ ಬರುವಂತೆ ಮಾಡುವುದು, ಅದರ ಹಕ್ಕನ್ನು ಕಾಯುವುದು ಮೊದಲ ಕೆಲಸ. ಮನೆಯಿದ್ದರೆ ಮೂಲ ಕ್ರಯಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ಕಂದಾಯ ರಶೀದಿ, ಬಾಡಿಗೆ ಕರಾರು, ಮುಂಗಡದ ಮೊತ್ತ ಇವನ್ನೆಲ್ಲ ಕಲೆಹಾಕಿ; ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಜಮೀನಿದ್ದರೆ ಪಹಣಿ ತೆಗೆಸಿ, ಸ್ಥಳಕ್ಕೆ ಹೋಗಿ ಒತ್ತುವರಿ ಆಗಿದೆಯೇ ಎಂದು ಕಣ್ಣಾರೆ ನೋಡಿ. ಕೈಸಾಲ ಕೊಟ್ಟಿದ್ದರೆ ಪತ್ರ ಯಾವ ತಾರೀಖಿನದು ಎಂದು ನೋಡಿ. ವಸೂಲಿ ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಟ್ರಸ್ಟಿ ಸುಮ್ಮನೆ ಕುಳಿತು ಆ ಅವಧಿ ದಾಟಿಹೋದರೆ ನಷ್ಟ ಟ್ರಸ್ಟಿಯ ತಲೆಗೇ ಬರಬಹುದು. ಸಾಕಷ್ಟು ಭದ್ರತೆಯಿಲ್ಲದೆ, ಅಪಾಯದಲ್ಲಿ ಸಿಕ್ಕಿಕೊಂಡಿರುವ ಹಣವನ್ನು ವಾಪಸ್ ತರುವುದೂ ಕರ್ತವ್ಯವೇ.

ಇದೇ ಹೊತ್ತಿಗೆ ಟ್ರಸ್ಟಿನ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ತೆರೆಯಿರಿ. ಪ್ರತ್ಯೇಕ ಎಂಬ ಪದಕ್ಕೆ ಒತ್ತು ಕೊಟ್ಟೇ ಹೇಳುತ್ತೇವೆ. ಟ್ರಸ್ಟಿಗಳ ವಿರುದ್ಧದ ಜಗಳಗಳಲ್ಲಿ ಕದ್ದವರಿಗಿಂತ ಬೆರೆಸಿದವರೇ ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ. ಬಾಡಿಗೆ ತನ್ನ ಸ್ವಂತ ಖಾತೆಗೆ ಬಂದಿತು, ಹುಡುಗಿಯ ಶಾಲೆ ಶುಲ್ಕ ತನ್ನ ಕಾರ್ಡಿನಿಂದ ಹೋಯಿತು, ‘ಒಟ್ಟು ಸರಿಹೋಗುತ್ತೆ’ ಎಂದುಕೊಂಡು ಮೂರು ವರ್ಷ ಕಳೆಯಿತು. ನಾಲ್ಕನೇ ವರ್ಷ ಯಾವ ರೂಪಾಯಿ ಯಾರದೆಂದು ಹೇಳಲು ಟ್ರಸ್ಟಿಗೇ ಆಗುವುದಿಲ್ಲ. ಹೀಗೆ ಬೆರೆತ ಮೊತ್ತದ ಮೇಲೆ ತನಗೆ ಸಲ್ಲಬೇಕಾದಷ್ಟಕ್ಕೆ ಫಲಾನುಭವಿಗೆ ಹಕ್ಕು ಸ್ಥಾಪನೆಯಾಗುತ್ತದೆ. ಟ್ರಸ್ಟಿಯ ಸ್ವಂತ ದುಡ್ಡೂ ಆ ಕೊಂಡಿಗೆ ಬೀಳುತ್ತದೆ.

ಎಷ್ಟು ಎಚ್ಚರ ಬೇಕು?

15ನೇ ಕಲಮಿನ ಅಳತೆಗೋಲು ಇದು: ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ಆಸ್ತಿಯನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು. ಇದನ್ನು ‘ನನ್ನ ದುಡ್ಡನ್ನು ನಾನು ಹೇಗೆ ನೋಡಿಕೊಳ್ಳುತ್ತೇನೋ ಹಾಗೆ’ ಎಂದು ಓದಬೇಡಿ. ತನ್ನ ದುಡ್ಡನ್ನು ಜೂಜಿನಂತೆ ಆಡುವವನ ಅಭ್ಯಾಸ ಇಲ್ಲಿ ಅಳತೆಯಾಗದು. ಆ ಮಟ್ಟದ ಎಚ್ಚರ ವಹಿಸಿದ ಮೇಲೂ ನಷ್ಟವಾದರೆ ಟ್ರಸ್ಟಿ ಹೊಣೆಯಲ್ಲ. ಹಾಗಾಗಿ ಮುಖ್ಯವಾಗುವುದು ತೀರ್ಮಾನದ ದಿನ ನೀವೇನು ನೋಡಿದಿರಿ, ಯಾರನ್ನು ಕೇಳಿದಿರಿ ಎಂಬುದು. ಅದು ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೂಡಿಕೆಯ ನಿಯಮ 2016ರ ತಿದ್ದುಪಡಿಯಿಂದ ಬದಲಾಗಿದೆ. ಹಿಂದೆ 20ನೇ ಕಲಮು ಅನುಮತಿಸಿದ ಸಾಲಪತ್ರಗಳ ಹಳೆಯ ಪಟ್ಟಿಯನ್ನೇ ಹೊತ್ತುಕೊಂಡಿತ್ತು. ಈಗ ಕೂಡಲೇ ಬಳಸಬೇಕಿಲ್ಲದ ಹಣವನ್ನು ಡೀಡ್ ಸ್ಪಷ್ಟವಾಗಿ ಅನುಮತಿಸಿದ ಕಡೆ, ಇಲ್ಲವೇ ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆಯಲ್ಲಿ ಹೆಸರಿಸಿದ ಬಗೆಯ ಭದ್ರತಾ ಪತ್ರಗಳಲ್ಲಿ ಹೂಡಬೇಕು. ಅಧಿಸೂಚನೆಯ ಪ್ರತಿಯನ್ನು ಇಟ್ಟುಕೊಳ್ಳಿ, ಹೂಡುವ ದಿನ ಅದು ಜಾರಿಯಲ್ಲಿದೆಯೇ ಎಂದು ನೋಡಿ. ಜೀವಿತಾವಧಿಯ ಆದಾಯ ಪಡೆಯುವ ಅರ್ಹ ಫಲಾನುಭವಿ ಇದ್ದರೆ ಅವರ ಲಿಖಿತ ಒಪ್ಪಿಗೆಯೂ ಬೇಕು. ಪರಿಚಯದವರ ಚೀಟಿ, ಸ್ನೇಹಿತನ ವ್ಯಾಪಾರ, ‘ತಿಂಗಳಿಗೆ ಎರಡು ಪರ್ಸೆಂಟ್’ ಕೊಡುತ್ತೇನೆ ಎನ್ನುವವನ ಕೈಗಡ ಯಾವುದೂ ಇದರೊಳಗೆ ಬರುವುದಿಲ್ಲ.

ಅಪ್ರಾಪ್ತ ಫಲಾನುಭವಿಯ ಪಾಲಿನ ಆದಾಯದಿಂದ ಅವನ ಪಾಲನೆ, ಓದು, ಮುಂದಿನ ಬದುಕಿಗೆ ಬೇಕಾದ ಖರ್ಚನ್ನು ಟ್ರಸ್ಟಿ ಮಾಡಬಹುದು. ಮಿಕ್ಕಿದ್ದನ್ನು ಹೂಡಿ ಬೆಳೆಸಬೇಕು. ಆದಾಯ ಸಾಲದೆ ಅಸಲಿಗೇ ಕೈ ಹಾಕಬೇಕಾಗಿ ಬಂದರೆ 41ನೇ ಕಲಮಿನಂತೆ ಮೊದಲು ನ್ಯಾಯಾಲಯದ ಅನುಮತಿ ಬೇಕು. ಡೀಡ್ ಬೇರೆ ಅಧಿಕಾರ ಕೊಟ್ಟಿರದಿದ್ದರೆ, ಆಸ್ಪತ್ರೆ ಖರ್ಚಿಗೆಂದು ಒಳ್ಳೆಯ ಮನಸ್ಸಿನಿಂದ ಎಫ್‌ಡಿ ಮುರಿದವರೂ ಈ ಗೆರೆ ದಾಟಿದವರೇ ಆಗುತ್ತಾರೆ.

ಅಮ್ಮನಿಗೆ ಆದಾಯ, ಮಕ್ಕಳಿಗೆ ಅಸಲು

ಅತಿ ಕಷ್ಟದ ಕರ್ತವ್ಯ ಪಕ್ಷಪಾತವಿಲ್ಲದೆ ನಡೆಯುವುದು. ‘ಹೆಂಡತಿ ಇರುವತನಕ ಆದಾಯ ಅವಳಿಗೆ, ಆಮೇಲೆ ಅಸಲು ಮಕ್ಕಳಿಗೆ’ ಎಂಬ ಡೀಡ್ ತೀರಾ ಸಾಮಾನ್ಯ. ಇಲ್ಲಿ ಇಬ್ಬರ ಹಿತ ಒಂದಕ್ಕೊಂದು ಎದುರು ನಿಂತಿರುತ್ತದೆ. ಹೆಚ್ಚು ಬಡ್ಡಿ ಬಂದರೆ ತಾಯಿಗೆ ಅನುಕೂಲ. ಆದರೆ ಇಪ್ಪತ್ತು ವರ್ಷ ಎಲ್ಲವನ್ನೂ ಎಫ್‌ಡಿಯಲ್ಲಿಟ್ಟು ಬಡ್ಡಿಯನ್ನೆಲ್ಲ ಕೊಟ್ಟರೆ, ಮಕ್ಕಳ ಕೈಗೆ ಬರುವ ಮೊತ್ತ ಅಂಕಿಯಲ್ಲಿ ಅಷ್ಟೇ ಇದ್ದರೂ ಬೆಲೆಯೇರಿಕೆಯಲ್ಲಿ ಅದರ ತೂಕ ಕರಗಿಹೋಗಿರುತ್ತದೆ. ಎಲ್ಲವನ್ನೂ ಬೆಳವಣಿಗೆಯ ಫಂಡಿಗೆ ಹಾಕಿದರೆ ತಾಯಿಗೆ ತಿಂಗಳ ಖರ್ಚಿಗೂ ಇರದು. ಎರಡೂ ತಪ್ಪು. ಒಂದು ಭಾಗ ನಿಯಮಿತ ಆದಾಯಕ್ಕೆ, ಒಂದು ಭಾಗ ಬೆಳವಣಿಗೆಗೆ ಎಂದು ಹಂಚಿ, ಹಾಗೆ ಏಕೆ ಹಂಚಿದಿರಿ ಎಂದು ಬರೆದಿಟ್ಟು, ವರ್ಷಕ್ಕೊಮ್ಮೆ ಮತ್ತೆ ನೋಡುವುದು ಸರಿಯಾದ ದಾರಿ.

ಸವೆದುಹೋಗುವ ಆಸ್ತಿಯಿದ್ದರೆ ಕಾಯ್ದೆ ಇನ್ನೂ ಖಚಿತವಾಗಿ ಮಾತಾಡುತ್ತದೆ. ಅವಧಿ ಮುಗಿಯಲು ಹನ್ನೆರಡೇ ವರ್ಷ ಉಳಿದಿರುವ ಗುತ್ತಿಗೆ ಹಕ್ಕನ್ನು ತೆಗೆದುಕೊಳ್ಳಿ. ಅದರ ಬಾಡಿಗೆಯನ್ನೆಲ್ಲ ತಾಯಿಗೆ ಕೊಡುತ್ತಾ ಹೋದರೆ ಹದಿಮೂರನೇ ವರ್ಷ ಮಕ್ಕಳಿಗೆ ಉಳಿಯುವುದು ಸೊನ್ನೆ. ಒಬ್ಬರಾದ ಮೇಲೆ ಒಬ್ಬರಿಗೆ ಹೋಗುವ ಟ್ರಸ್ಟಿನಲ್ಲಿ ಇಂಥದ್ದನ್ನು ಮಾರಿ ಶಾಶ್ವತವಾದ, ಕೂಡಲೇ ಆದಾಯ ತರುವ ಆಸ್ತಿಯಾಗಿ ಪರಿವರ್ತಿಸಬೇಕು ಎನ್ನುತ್ತದೆ 16ನೇ ಕಲಮು. ಡೀಡ್‌ನಿಂದ ಬೇರೆ ಉದ್ದೇಶ ಕಂಡರೆ ಮಾತ್ರ ಬಿಡಬಹುದು.

ರಿಪೇರಿ ಖರ್ಚು ಯಾವುದರಿಂದ ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಸುಣ್ಣಬಣ್ಣ, ನಲ್ಲಿ, ಕಂದಾಯ, ವಿಮೆಯಂಥವು ಆದಾಯದಿಂದ. ಹೊಸ ಮಹಡಿ, ಚಾವಣಿ ಪೂರ್ತಿ ಬದಲಿಸುವಂಥವು ಅಸಲಿನಿಂದ ಎಂಬುದು ರೂಢಿಯ ಹಂಚಿಕೆ. ಡೀಡ್ ಬೇರೆ ಹೇಳಿದರೆ ಅದೇ ಅಂತಿಮ. ವಿವೇಚನೆ ಟ್ರಸ್ಟಿಗೇ ಬಿಟ್ಟಿದ್ದರೆ, ಅದನ್ನು ಪ್ರಾಮಾಣಿಕವಾಗಿ, ಕಾರಣಬದ್ಧವಾಗಿ ಬಳಸುವವರೆಗೆ ನ್ಯಾಯಾಲಯ ಅಡ್ಡ ಬರುವುದಿಲ್ಲ. ಹೆಚ್ಚು ಸಲ ಫೋನ್ ಮಾಡಿದವರಿಗೆ ಹೆಚ್ಚು ಕೊಡುವುದು ವಿವೇಚನೆಯಲ್ಲ. ದೂರದಲ್ಲಿದ್ದು ಏನನ್ನೂ ಕೇಳದ ಫಲಾನುಭವಿಗೆ ವರ್ಷಕ್ಕೊಮ್ಮೆಯಾದರೂ ಪತ್ರ ಬರೆದು ಬೇಕುಬೇಡ ವಿಚಾರಿಸಿ. ಅನ್ಯಾಯ ಆಗುವುದು ಹೆಚ್ಚಾಗಿ ಅಂಥವರಿಗೇ.

ಕೈ ಹಾಕಬಾರದ ಜಾಗಗಳು

ಡೀಡ್‌ನಲ್ಲಿ ಬರೆದಿರದಿದ್ದರೆ, ಅಥವಾ ಬೇರೆ ಕರಾರಿಲ್ಲದಿದ್ದರೆ, ಟ್ರಸ್ಟಿ ತನ್ನ ಶ್ರಮಕ್ಕೆ ಸಂಬಳ ತೆಗೆದುಕೊಳ್ಳುವಂತಿಲ್ಲ. ಕೈಯಿಂದ ಮಾಡಿದ ನ್ಯಾಯವಾದ ಖರ್ಚನ್ನು ಮಾತ್ರ ಟ್ರಸ್ಟಿನಿಂದ ವಾಪಸ್ ಪಡೆಯುವ ಹಕ್ಕಿದೆ, ಅದಕ್ಕೆ ರಶೀದಿ ಇಡಿ. ಟ್ರಸ್ಟಿನ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸಬಾರದು. ಮಾರಲೆಂದು ನೇಮಕವಾದ ಟ್ರಸ್ಟಿ ಆ ಆಸ್ತಿಯನ್ನು ತಾನೇ ಕೊಳ್ಳಬಾರದು, ಬೇರೊಬ್ಬರ ಹೆಸರಿನಲ್ಲೂ ಕೊಳ್ಳಬಾರದು. ಫಲಾನುಭವಿಯ ಪಾಲನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಖರೀದಿಸಬಾರದು, ‘ಮಾರ್ಕೆಟ್ ರೇಟಿಗಿಂತ ಜಾಸ್ತಿಯೇ ಕೊಟ್ಟಿದ್ದೇನೆ’ ಎಂದರೂ ಅಷ್ಟೇ. ಟ್ರಸ್ಟಿಗಳು ತಮ್ಮಲ್ಲೇ ಒಬ್ಬರಿಗೆ ಸಾಲ ಕೊಡುವುದಕ್ಕೂ ತಡೆಯಿದೆ. ನ್ಯಾಯಾಲಯದ ಅನುಮತಿಯಿಲ್ಲದೆ 21 ವರ್ಷ ಮೀರಿದ ಗುತ್ತಿಗೆ ಕೊಡುವಂತಿಲ್ಲ, ಸಿಗಬಹುದಾದ ಉತ್ತಮ ಬಾಡಿಗೆಗಿಂತ ಕಡಿಮೆಗೆ ನೆಂಟರಿಗೆ ಬಿಟ್ಟುಕೊಡುವಂತೆಯೂ ಇಲ್ಲ.

‘ಅವರೇ ಎಲ್ಲ ನೋಡ್ಕೋತಾರೆ’

ಮೂವರು ಟ್ರಸ್ಟಿಗಳಿರುವ ಕಡೆ ಸಾಮಾನ್ಯವಾಗಿ ಒಬ್ಬರು ಓಡಾಡುತ್ತಾರೆ, ಇನ್ನಿಬ್ಬರು ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟಿರುತ್ತಾರೆ. ಡೀಡ್ ಬೇರೆ ಹೇಳದಿದ್ದರೆ ಎಲ್ಲ ಟ್ರಸ್ಟಿಗಳೂ ಸೇರಿಯೇ ತೀರ್ಮಾನಿಸಬೇಕು ಎಂಬುದು 48ನೇ ಕಲಮಿನ ನಿಯಮ. ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದಕ್ಕೂ ಮಿತಿಯಿದೆ. ಸ್ವಂತ ವಿವೇಚನೆ ಬೇಡದ ಕೆಲಸಕ್ಕೆ, ಅಂದರೆ ಬ್ಯಾಂಕಿಗೆ ಚಲನ್ ಕಟ್ಟುವುದು, ಕಚೇರಿಯಲ್ಲಿ ಅರ್ಜಿ ಕೊಡುವುದು ಇಂಥವಕ್ಕೆ ಯಾರನ್ನಾದರೂ ನೇಮಿಸಬಹುದು. ಎಷ್ಟು ಕೊಡಬೇಕು, ಮಾರಬೇಕೇ ಬೇಡವೇ, ಎಲ್ಲಿ ಹೂಡಬೇಕು ಎಂಬ ತೀರ್ಮಾನವನ್ನು ಆಡಿಟರಿಗೋ ಮಗನಿಗೋ ಬಿಟ್ಟುಕೊಡುವಂತಿಲ್ಲ. ಡೀಡ್ ಅವಕಾಶ ಕೊಟ್ಟಿದ್ದರೆ, ವ್ಯವಹಾರದ ರೂಢಿಯೇ ಹಾಗಿದ್ದರೆ, ಅನಿವಾರ್ಯವಾಗಿದ್ದರೆ ಅಥವಾ ಅರ್ಹ ಫಲಾನುಭವಿ ಒಪ್ಪಿದ್ದರೆ ಮಾತ್ರ ಬೇರೆ ಮಾತು.

ಸಹಟ್ರಸ್ಟಿ ಮಾಡಿದ ತಪ್ಪಿಗೆ ನೀವು ಸುಮ್ಮಸುಮ್ಮನೆ ಹೊಣೆಯಾಗುವುದಿಲ್ಲ. ಆದರೆ ಅವರ ಕೈಗೆ ಹಣ ಕೊಟ್ಟು ಅದೇನಾಯಿತೆಂದು ನೋಡದಿದ್ದರೆ, ಬೇಕಾದುದಕ್ಕಿಂತ ಹೆಚ್ಚು ಕಾಲ ಅವರ ಬಳಿಯೇ ಬಿಟ್ಟಿದ್ದರೆ, ತಪ್ಪು ಗೊತ್ತಾದ ಮೇಲೂ ಮುಚ್ಚಿಟ್ಟರೆ ಅಥವಾ ಸಕಾಲದಲ್ಲಿ ಕ್ರಮ ಕೈಗೊಳ್ಳದಿದ್ದರೆ ಹೊಣೆ ಬರುತ್ತದೆ. ಬಂದರೆ ಪೂರ್ತಿ ಬರುತ್ತದೆ. ಒಬ್ಬರು 12 ಲಕ್ಷ ರೂಪಾಯಿ ದುರುಪಯೋಗ ಮಾಡಿ, ಉಳಿದಿಬ್ಬರ ನಿರ್ಲಕ್ಷ್ಯವೇ ಅದಕ್ಕೆ ದಾರಿಯಾಗಿದ್ದರೆ, ಫಲಾನುಭವಿ ಆ 12 ಲಕ್ಷವನ್ನೂ ಮೂವರಲ್ಲಿ ಯಾರೊಬ್ಬರಿಂದ ಬೇಕಾದರೂ ವಸೂಲಿ ಮಾಡಬಹುದು. ತಲಾ 4 ಲಕ್ಷ ಎಂಬ ವಾದ ಫಲಾನುಭವಿಯ ಮುಂದೆ ನಡೆಯದು. ಕಡಿಮೆ ತಪ್ಪಿನವರು ಹೆಚ್ಚು ತಪ್ಪಿನವರಿಂದ ಆಮೇಲೆ ಕೇಳಿಕೊಳ್ಳಬೇಕು.

ಲೆಕ್ಕ

19ನೇ ಕಲಮು ಕೇಳುವುದು ಎರಡನ್ನು: ಸ್ಪಷ್ಟವಾದ, ನಿಖರವಾದ ಲೆಕ್ಕ ಇಡುವುದು, ಫಲಾನುಭವಿ ಯುಕ್ತ ಸಮಯದಲ್ಲಿ ಕೇಳಿದಾಗ ಆಸ್ತಿ ಎಷ್ಟಿದೆ, ಹೇಗಿದೆ ಎಂಬ ಪೂರ್ಣ ಮಾಹಿತಿ ಕೊಡುವುದು. ಡೀಡ್, ಹಕ್ಕುಪತ್ರ, ಲೆಕ್ಕದ ಪುಸ್ತಕ, ವೋಚರುಗಳನ್ನು ನೋಡುವ, ಪ್ರತಿ ತೆಗೆದುಕೊಳ್ಳುವ ಹಕ್ಕು ಫಲಾನುಭವಿಗಿದೆ. ಕೇಳಿದವರನ್ನು ‘ನಂಬಿಕೆ ಇಲ್ವಾ’ ಎಂದು ಗದರಿಸುವುದರಿಂದಲೇ ಅರ್ಧ ದಾವೆಗಳು ಹುಟ್ಟುತ್ತವೆ ಎಂದರೆ ಉತ್ಪ್ರೇಕ್ಷೆಯಾಗದು.

ಲೆಕ್ಕದಲ್ಲಿ ಅಸಲಿನ ಪುಟ ಬೇರೆ, ಆದಾಯದ ಪುಟ ಬೇರೆ ಇರಲಿ. ಮನೆ ಮಾರಿದ ಹಣ ಅಸಲು, ಬಾಡಿಗೆ ಆದಾಯ; ಬಾಡಿಗೆದಾರನ ಮುಂಗಡ ಎರಡೂ ಅಲ್ಲ, ತಿರುಗಿಸಬೇಕಾದ ಬಾಕಿ. ಪ್ರತಿ ಪಾವತಿಗೂ ತಾರೀಖು, ಯಾರಿಗೆ, ಯಾವ ಫಲಾನುಭವಿಯ ಲೆಕ್ಕಕ್ಕೆ, ಯಾವ ಠರಾವಿನಂತೆ ಎಂಬ ನಾಲ್ಕು ವಿವರ ಸಾಕು. ತೆರಿಗೆಯ ಹೊಣೆಯೂ ಟ್ರಸ್ಟಿಯ ಮೇಲೇ ಇದೆ. ಪಾಲು ನಿಗದಿಯಾಗಿದ್ದರೆ ಸಾಮಾನ್ಯವಾಗಿ ಆಯಾ ಫಲಾನುಭವಿಗೆ ತಗಲುವಂತೆಯೇ ತೆರಿಗೆ. ಪಾಲನ್ನು ಟ್ರಸ್ಟಿಯ ವಿವೇಚನೆಗೆ ಬಿಟ್ಟ ಟ್ರಸ್ಟಿನ ಆದಾಯಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅತಿ ಹೆಚ್ಚಿನ ದರ. ತೆರಿಗೆಗೆ ಎತ್ತಿಡದೆ ಎಲ್ಲವನ್ನೂ ಹಂಚಿಬಿಟ್ಟರೆ ಬಾಕಿಯ ನೋಟಿಸು ಬರುವುದು ಟ್ರಸ್ಟಿಯ ವಿಳಾಸಕ್ಕೆ.

ತಪ್ಪಾದರೆ

ನಂಬಿಕೆಭಂಗದಿಂದ ಆದ ನಷ್ಟವನ್ನು ಟ್ರಸ್ಟಿ ಸ್ವಂತ ಕೈಯಿಂದ ತುಂಬಿಕೊಡಬೇಕು. ಅರ್ಹ ಫಲಾನುಭವಿ ಎಲ್ಲವನ್ನೂ ತಿಳಿದು, ಒತ್ತಡವಿಲ್ಲದೆ ಒಪ್ಪಿದ್ದರೆ ಆ ಫಲಾನುಭವಿಯ ಮಟ್ಟಿಗೆ ಬಿಡುಗಡೆ. ಬಡ್ಡಿಯ ಲೆಕ್ಕ 23ನೇ ಕಲಮಿನಲ್ಲಿದೆ. ಪಾವತಿಯಲ್ಲಿ ವಿನಾಕಾರಣ ತಡ ಮಾಡಿದರೆ, ನ್ಯಾಯಾಲಯ ಬೇರೆ ಹೇಳದಿದ್ದರೆ, ವರ್ಷಕ್ಕೆ ಶೇ. 6ರ ಸರಳ ಬಡ್ಡಿ. ಹೂಡಿ ಬೆಳೆಸಬೇಕಾದ ಹಣವನ್ನು ಹೂಡದೆ ಬಿಟ್ಟರೆ ಅದೇ ದರಕ್ಕೆ ಅರ್ಧ ವರ್ಷಕ್ಕೊಮ್ಮೆ ಸೇರುವ ಚಕ್ರಬಡ್ಡಿ. ಹೀಗೆ 10 ಲಕ್ಷ ರೂಪಾಯಿ 3 ವರ್ಷ ಚಾಲ್ತಿ ಖಾತೆಯಲ್ಲಿ ಬಿದ್ದಿದ್ದರೆ ಬಡ್ಡಿಯೇ ಸುಮಾರು 1,94,052 ರೂಪಾಯಿ. ಟ್ರಸ್ಟಿನ ಹಣವನ್ನು ಸ್ವಂತ ವ್ಯಾಪಾರಕ್ಕೆ ಹಾಕಿದ್ದರೆ ಚಕ್ರಬಡ್ಡಿ ಬೇಕೋ ನಿವ್ವಳ ಲಾಭ ಬೇಕೋ ಎಂಬ ಆಯ್ಕೆ ಫಲಾನುಭವಿಯದು.

ಜನರಿಗೆ ಆಶ್ಚರ್ಯವಾಗುವ ನಿಯಮ 24ನೆಯದು. ಅಧಿಕಾರವಿಲ್ಲದೆ ಮಾಡಿದ ಒಂದು ಹೂಡಿಕೆಯಲ್ಲಿ 4 ಲಕ್ಷ ಹೋಯಿತು, ಹಾಗೆಯೇ ಮಾಡಿದ ಇನ್ನೊಂದರಲ್ಲಿ 6 ಲಕ್ಷ ಬಂತು ಎಂದುಕೊಳ್ಳಿ. ‘ಒಟ್ಟಿನಲ್ಲಿ 2 ಲಕ್ಷ ಲಾಭವೇ’ ಎನ್ನುವಂತಿಲ್ಲ. ಬಂದ 6 ಲಕ್ಷ ಟ್ರಸ್ಟಿನ ಆಸ್ತಿಗೆ ಸೇರಿತು, ಹೋದ 4 ಲಕ್ಷ ನೀವು ಕಟ್ಟಬೇಕು. ಅಪ್ರಾಮಾಣಿಕವಾಗಿ ಹಣ ನುಂಗಿದ್ದರೆ ಕ್ರಿಮಿನಲ್ ಹೊಣೆಯೂ ಇದೆ: ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ನಂಬಿಕೆದ್ರೋಹಕ್ಕೆ 5 ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ.

ದಾರಿ ಕಾಣದಾಗ ಬಳಸಬೇಕಾದ, ಆದರೆ ಕಡಿಮೆ ಜನರಿಗೆ ಗೊತ್ತಿರುವ ಸೌಲಭ್ಯ 34ನೇ ಕಲಮಿನದು. ಆಡಳಿತದ ಪ್ರಶ್ನೆಯೊಂದರ ಮೇಲೆ ಟ್ರಸ್ಟಿ ದಾವೆ ಹೂಡದೆಯೇ ಅರ್ಜಿಯ ಮೂಲಕ ಪ್ರಧಾನ ಸಿವಿಲ್ ನ್ಯಾಯಾಲಯದ ಅಭಿಪ್ರಾಯ ಕೇಳಬಹುದು. ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿ, ಸಿಕ್ಕ ಅಭಿಪ್ರಾಯದಂತೆ ನಡೆದರೆ ಆ ವಿಷಯದಲ್ಲಿ ಕರ್ತವ್ಯ ನೆರವೇರಿತೆಂದೇ ಲೆಕ್ಕ. ವಿವರವಾದ ವಿಚಾರಣೆ ಬೇಕಾಗುವ ತೊಡಕಿನ ಪ್ರಶ್ನೆಗಳಿಗೆ ಈ ದಾರಿ ಆಗದು.

ಮುಗಿಸುವಾಗ

ಫಲಾನುಭವಿ ಒಬ್ಬರೇ ಆಗಿದ್ದು ಪ್ರಾಪ್ತರಾಗಿದ್ದರೆ, ಅಥವಾ ಎಲ್ಲರೂ ಅರ್ಹರಾಗಿದ್ದು ಒಮ್ಮತದಿಂದ ಕೇಳಿದರೆ, ಆಸ್ತಿಯನ್ನು ಅವರಿಗೋ ಅವರು ಹೇಳಿದವರಿಗೋ ವರ್ಗಾಯಿಸಬೇಕು. ಸ್ಥಿರಾಸ್ತಿಗೆ ನೋಂದಾಯಿತ ಪತ್ರ ಮಾಡಿ, ಖಾತೆ ಬದಲಾಯಿಸಿ, ಬಾಡಿಗೆದಾರನಿಗೆ ಬರೆದು ತಿಳಿಸಿ. ಕೊನೆಯ ವರ್ಷದ ತೆರಿಗೆ ವಿವರ ಸಲ್ಲಿಸಿದ ಮೇಲೆ ಬ್ಯಾಂಕ್ ಖಾತೆ ಮುಚ್ಚಿ. ಕೆಲಸ ಮುಗಿದಾಗ ಲೆಕ್ಕ ಪರಿಶೀಲಿಸಿ ಚುಕ್ತಾ ಮಾಡಿಸಿಕೊಳ್ಳುವುದು ಟ್ರಸ್ಟಿಯ ಹಕ್ಕು. ಇನ್ನೇನೂ ಬಾಕಿಯಿಲ್ಲದಿದ್ದರೆ ಹಾಗೆಂದು ಫಲಾನುಭವಿಯಿಂದ ಬರೆಸಿಕೊಳ್ಳಬಹುದು ಎಂದು 35ನೇ ಕಲಮು ಹೇಳುತ್ತದೆ. ಮೊದಲು ಪೂರ್ತಿ ಲೆಕ್ಕದ ಪ್ರತಿ ಕೊಡಿ, ಓದಲು ಸಮಯ ಕೊಡಿ, ಆಮೇಲೆ ಸಹಿ ಕೇಳಿ. ತಿಳಿಯದೆ ಹಾಕಿದ ಸಹಿ ನಾಳೆ ನಿಮ್ಮನ್ನು ಕಾಯದು.

ಅದಾದ ಮೇಲೂ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಟ್ರಸ್ಟಿನ ಆಸ್ತಿಯನ್ನು ಹಿಂಬಾಲಿಸಿ ಹೂಡುವ ದಾವೆಗೆ, ಅದರ ಲೆಕ್ಕ ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆಯ 10ನೇ ಕಲಮು ಯಾವ ಅವಧಿಯನ್ನೂ ಹಾಕಿಲ್ಲ. ಟ್ರಸ್ಟಿ ತೀರಿಕೊಂಡ ಮೇಲೆ ಅವರ ವಾರಸುದಾರರ ಮೇಲೂ ಅದು ಬರಬಹುದು. ಡೀಡ್, ನಡಾವಳಿ ಪುಸ್ತಕ, ಲೆಕ್ಕ, ಚುಕ್ತಾ ಪತ್ರ ನಾಲ್ಕನ್ನೂ ಒಂದೇ ಕಟ್ಟಿನಲ್ಲಿಟ್ಟು, ಅದೆಲ್ಲಿದೆ ಎಂದು ಮನೆಯವರಿಗೆ ಹೇಳಿಡಿ.